ಹಾಕಿದ ದುಡ್ಡು ಯಾವಾಗ ಮರಳುತ್ತದೆ?



ಯಾವ ಸಣ್ಣ ಉದ್ಯಮ ಆರಂಭಿಸಬೇಕು ಎಂಬ ಪ್ರಶ್ನೆಯನ್ನೇ ಸಂಕಿರಣದ ವಿಷಯವಾಗಿ ಇಟ್ಟುಕೊಂಡ ಸಂಘಟಕರನ್ನು ಮನಸಾರೆ ಅಭಿನಂದಿಸುತ್ತೇನೆ. ಲೆಕ್ಕ ಇಡುವುದನ್ನು, ಸಾಲ ಪಡೆಯುವುದನ್ನು, ಮಾರಾಟ ಮಾಡುವುದನ್ನು ನಾವು ಕಲಿಸುತ್ತೇವೆ. ಆರಿಸಿಕೊಳ್ಳುವುದನ್ನು ಕಲಿಸುವುದಿಲ್ಲ. ಪಕ್ಕದ ಊರಿನವರು ಮಾಡಿದ್ದನ್ನು ನೋಡಿ, ಯಂತ್ರ ಮಾರುವವರ ಮಾತು ಕೇಳಿ, ಸಬ್ಸಿಡಿ ಪಟ್ಟಿಯ ಮೇಲೆ ಕಣ್ಣಾಡಿಸಿ ಒಂದು ಸಂಜೆಯಲ್ಲಿ ಆಯ್ಕೆ ಮುಗಿದುಹೋಗುತ್ತದೆ. ಅದರ ಕಂತು ಕಟ್ಟುವುದು ವರ್ಷಗಟ್ಟಲೆ.

ನಾನು ಹೇಳಬೇಕೆಂದಿರುವುದು ಇಷ್ಟು. ಇದರಲ್ಲಿ ಲಾಭ ಎಷ್ಟು ಎಂದು ಕೇಳುವ ಮೊದಲು, ಹಾಕಿದ ದುಡ್ಡು ಎಷ್ಟು ದಿನಕ್ಕೆ ಕೈಗೆ ಮರಳುತ್ತದೆ, ಅಷ್ಟು ದಿನ ನಮ್ಮ ಮನೆ ತಾಳುತ್ತದೆಯೇ ಎಂದು ಕೇಳಬೇಕು. ಕಾಗದದ ಮೇಲೆ ಲಾಭದಲ್ಲಿದ್ದ ಎಷ್ಟೋ ಸಣ್ಣ ಘಟಕಗಳು ಬಾಗಿಲು ಹಾಕಿದ್ದು ಬರಬೇಕಾದ ದುಡ್ಡು ಬರುವಷ್ಟರಲ್ಲಿ ಮನೆಯಲ್ಲಿದ್ದದ್ದು ಕರಗಿಹೋದದ್ದರಿಂದ.

ಮಲೆನಾಡು, ಕರಾವಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಹಾಳೆ ತಟ್ಟೆಯನ್ನೇ ತೆಗೆದುಕೊಳ್ಳೋಣ. ಹೊರಗಿನಿಂದ ನೋಡಿದರೆ ಇದಕ್ಕಿಂತ ಸುಲಭದ ಉದ್ಯಮ ಇನ್ನೊಂದಿಲ್ಲ ಅನ್ನಿಸುತ್ತದೆ. ಅಡಿಕೆ ತೋಟದಲ್ಲಿ ಹಾಳೆ ತಾನಾಗಿಯೇ ಬೀಳುತ್ತದೆ. ಅದನ್ನು ನೆನೆಸಿ, ಬ್ರಷ್‌ನಿಂದ ಉಜ್ಜಿ ತೊಳೆದು, ನೀರು ಬಸಿಯಲು ನಿಲ್ಲಿಸಿ, ಕಾದ ಅಚ್ಚಿನಲ್ಲಿಟ್ಟು ಒತ್ತಿದರೆ ನೋಡುನೋಡುತ್ತಿದ್ದಂತೆ ತಟ್ಟೆ ಎದ್ದು ಬರುತ್ತದೆ. ಯಂತ್ರದ ಪ್ರಾತ್ಯಕ್ಷಿಕೆಯಲ್ಲಿ ಜನ ಕಾಣುವುದು ಇದನ್ನು. ವರ್ಷದ ಉಳಿದ ಲೆಕ್ಕ ಅಲ್ಲಿ ಕಾಣುವುದಿಲ್ಲ. ಹಾಳೆ ಒಟ್ಟುಮಾಡಿ ಒಣಗಿಸಲು ಆಗುವುದು ಬಿಸಿಲಿರುವ ತಿಂಗಳುಗಳಲ್ಲಿ. ಮಳೆ ಹಿಡಿದ ಮೇಲೆ ಬಿದ್ದ ಹಾಳೆ ನೆಲದಲ್ಲೇ ಕೊಳೆಯುತ್ತದೆ. ಮಳೆಗಾಲದಲ್ಲೂ ಯಂತ್ರ ಓಡಬೇಕೆಂದರೆ ಬೇಸಿಗೆಯಲ್ಲೇ ತೋಟ ತೋಟ ಸುತ್ತಿ ಹಾಳೆ ಕೊಂಡು, ಸೋರದ, ತೇವ ಏರದ ಜಾಗದಲ್ಲಿ ಒಟ್ಟಿ ಇಡಬೇಕು. ಆಯ್ದುಕೊಡುವವರಿಗೆ ನಗದು, ಸಾಗಿಸುವ ಟೆಂಪೋಗೆ ನಗದು. ತಟ್ಟೆಯನ್ನು ಸರಿಯಾಗಿ ಒಣಗಿಸದೆ ಕಟ್ಟಿದರೆ ಕಟ್ಟಿನೊಳಗೇ ಬೂಷ್ಟು ಹಿಡಿಯುತ್ತದೆ, ಒಯ್ದ ಸರಕು ವಾಪಸು ಬರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಊರಿನ ಬೇಡಿಕೆ ಕುಸಿಯುತ್ತದೆ. ಸಗಟು ವ್ಯಾಪಾರಿ ಸರಕು ಒಯ್ದು ತಿಂಗಳುಗಳ ನಂತರ ದುಡ್ಡು ಕೊಟ್ಟರೆ, ಯುಗಾದಿಗೆ ಹಾಕಿದ ದುಡ್ಡನ್ನು ದೀಪಾವಳಿಗೆ ಕಂಡರೆ ಪುಣ್ಯ. ನಡುವೆ ಕಂತು ನಿಲ್ಲುವುದಿಲ್ಲ, ಕೂಲಿ ನಿಲ್ಲುವುದಿಲ್ಲ, ಜೂನ್‌ನಲ್ಲಿ ಮಕ್ಕಳ ಶಾಲೆಯ ಫೀಸು ಕಾಯುವುದಿಲ್ಲ.

ಇದರ ಮೇಲೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಾಳೆ ತಟ್ಟೆಗಳ ಆಮದನ್ನು ತಡೆಯಿತು. ಅಡಿಕೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡ್‌ಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದು ಎಂಬುದು ಅವರು ಕೊಟ್ಟ ಕಾರಣ. ಆ ವಿಜ್ಞಾನದ ಚರ್ಚೆ ಇಂದಿನ ವಿಷಯವಲ್ಲ. ಆದರೆ ತಿಂಗಳನ್ನು ಗಮನಿಸಿ. ಹಾಳೆ ಕೊಂಡು ಗೋದಾಮು ತುಂಬಿಸುವ ಕಾಲ ಅದು. ಒಬ್ಬನೇ ರಫ್ತುದಾರನನ್ನು ನಂಬಿ ಸಾಲ ಮಾಡಿ ದಾಸ್ತಾನು ಇಟ್ಟವರಿಗೂ, ಊರಿನ ಕಲ್ಯಾಣ ಮಂಟಪಕ್ಕೆ, ಅಡುಗೆ ಕಂಟ್ರಾಕ್ಟರಿಗೆ ನಗದಿಗೆ ಮಾರುತ್ತಿದ್ದವರಿಗೂ ಆ ಸುದ್ದಿ ಒಂದೇ ಭಾರವಾಗಿ ತಗಲುವುದಿಲ್ಲ.

ಹಾಳೆ ತಟ್ಟೆ ಬೇಡ ಎಂದು ನಾನು ಹೇಳುತ್ತಿಲ್ಲ. ಸ್ವಂತ ತೋಟವಿದ್ದು, ಅಡಿಕೆಯ ದುಡ್ಡು ಕೈಯಲ್ಲಿದ್ದು, ಆರು ತಿಂಗಳು ಕಾಯಬಲ್ಲ ಮನೆಗೆ ಅದು ಒಳ್ಳೆಯ ಉಪಉದ್ಯೋಗ. ದಿನಗೂಲಿಯಲ್ಲಿ ಸಂಸಾರ ಸಾಗಿಸುವ, ಸ್ವಸಹಾಯ ಸಂಘದ ವಾರದ ಕಂತು ಕಟ್ಟಬೇಕಾದ ಮನೆಗೆ ಅದೇ ಯಂತ್ರ ಕುತ್ತಿಗೆಗೆ ಉರುಳಾಗುತ್ತದೆ. ಒಂದೇ ಉದ್ಯಮ, ಒಂದೇ ಊರು, ಒಂದೇ ಯಂತ್ರ. ಮನೆ ಬೇರೆ, ಆದ್ದರಿಂದ ಉತ್ತರವೂ ಬೇರೆ.

ಬಾಕಿ ವಸೂಲಿಗೆ ಕಾನೂನಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಘಟಕಗಳಿಂದ ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಡಮಾಡಿದವರಿಗೆ ಆ ವರ್ಷ ಆ ಖರ್ಚಿನ ಆದಾಯ ತೆರಿಗೆ ವಿನಾಯಿತಿ ಸಿಗದಂತೆ ನಿಯಮವೂ ಆಗಿದೆ. ಇಂಥ ಘಟಕಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಎಲ್ಲರೂ ಮಾಡಿಸಿಕೊಳ್ಳಿ. ಆದರೆ ಇರುವ ಒಬ್ಬ ಗಿರಾಕಿಯ ಮೇಲೆ ದೂರು ಕೊಟ್ಟು ನಾಳೆ ಯಾರಿಗೆ ಮಾರುವುದು? ಆ ಹೆದರಿಕೆಯನ್ನು ಕಾಯ್ದೆ ನೀಗಿಸಲಾರದು. ಉದ್ಯಮ ಆರಿಸುವಾಗಲೇ ಒಬ್ಬ ಗಿರಾಕಿಯ ಕೈಗೆ ಜುಟ್ಟು ಕೊಡದಂತೆ ನೋಡಿಕೊಳ್ಳಬೇಕು.

ಈಗ ಇನ್ನೊಂದು ತುದಿಗೆ ಬನ್ನಿ. ದೋಸೆ ಹಿಟ್ಟು. ಮಧ್ಯಾಹ್ನ ರುಬ್ಬಿದ್ದು ಮರುದಿನ ಸಂಜೆಯೊಳಗೆ ದುಡ್ಡಾಗಿರುತ್ತದೆ. ಅಕ್ಕಿ, ಉದ್ದನ್ನು ವಾರಕ್ಕಾಗುವಷ್ಟೇ ತಂದರೂ ನಡೆಯುತ್ತದೆ, ದೊಡ್ಡ ದಾಸ್ತಾನು ಬೇಡ. 2005ರಲ್ಲಿ ಬೆಂಗಳೂರಿನ ಪುಟ್ಟ ಅಡುಗೆಮನೆಯೊಂದರಲ್ಲಿ ಆರಂಭವಾದ ಐಡಿ ಫ್ರೆಶ್ ಇದೇ ಹಿಟ್ಟಿನಿಂದ ಬೆಳೆಯಿತು. ಆದರೆ ದುಡ್ಡು ದಿನವೂ ತಿರುಗುವ ಉದ್ಯಮ ಮನುಷ್ಯನನ್ನೂ ದಿನವೂ ತಿರುಗಿಸುತ್ತದೆ. ಹಬ್ಬವಿಲ್ಲ, ಜ್ವರವಿಲ್ಲ, ತವರಿಗೆ ಹೋಗುವಂತಿಲ್ಲ. ಕರೆಂಟು ಹೋದರೆ ಗ್ರೈಂಡರ್ ನಿಲ್ಲುತ್ತದೆ, ಚೈತ್ರದ ಬಿಸಿಲಿಗೆ ಹಿಟ್ಟು ಹೊತ್ತಿಗೆ ಮೊದಲೇ ಹುಳಿಯಾಗುತ್ತದೆ. ನೆರವಿಗೆ ಇನ್ನೊಂದು ಕೈ ಇಲ್ಲದ ಮನೆಗೆ ಇದು ಹೇಳಿದ್ದಲ್ಲ.

ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ ಇವೆರಡರ ನಡುವೆ ನಿಲ್ಲುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅಭಿಮಾನ. ಕೈಯಲ್ಲಿ ಮೊದಲೇ ಇರುವ ಕಸುಬು. ಬೇಯಿಸಿ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಖಾನಾವಳಿ, ಹಾಸ್ಟೆಲ್, ಜಾತ್ರೆ, ಮದುವೆ, ಬೆಂಗಳೂರಿಗೆ ದುಡಿಯಲು ಹೋದವರ ಮನೆ, ಹೀಗೆ ಗಿರಾಕಿಗಳು ಹಲವರು. ಒಬ್ಬರು ಬಾಕಿ ಇಟ್ಟರೂ ಒಲೆ ಆರುವುದಿಲ್ಲ. ಅಲ್ಲೂ ಒಂದು ಗುಟ್ಟಿದೆ. ಹಿಂಗಾರಿ ಜೋಳ ರಾಶಿಯಾದ ಕೂಡಲೇ ಬೆಲೆ ಇಳಿದಿರುತ್ತದೆ. ಆಗ ವರ್ಷದ ಜೋಳ ಕೊಂಡಿಡಬಲ್ಲ ಸಂಘಕ್ಕೂ, ವಾರವಾರ ಸಂತೆಯಲ್ಲಿ ಕೊಳ್ಳುವ ಸಂಘಕ್ಕೂ ಉಳಿತಾಯದಲ್ಲಿ ಬಹಳ ವ್ಯತ್ಯಾಸ. ಅವರಿಗೆ ಬೇಕಾದದ್ದು ರೊಟ್ಟಿ ಯಂತ್ರಕ್ಕಿಂತ ಮೊದಲು ಜೋಳದ ದುಡ್ಡು.

ನಮ್ಮ ಯೋಜನೆಗಳ ಬಗ್ಗೆ ನನಗಿರುವ ತಕರಾರು ಇಲ್ಲಿಂದಲೇ ಹುಟ್ಟಿದ್ದು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ, ಅಂದರೆ ಪಿಎಂಎಫ್‌ಎಂಇ, ಬಂಡವಾಳ ವೆಚ್ಚದ ಶೇ 35ರಷ್ಟನ್ನು, 10 ಲಕ್ಷ ರೂಪಾಯಿ ಮೀರದಂತೆ, ಸಾಲಕ್ಕೆ ಜೋಡಿಸಿ ಸಬ್ಸಿಡಿಯಾಗಿ ಕೊಟ್ಟಿತು. ಕರ್ನಾಟಕ ಸರ್ಕಾರ ಅದಕ್ಕೆ ಇನ್ನೂ ಶೇ 15 ಸೇರಿಸಿತು. ಅರ್ಧ ಬೆಲೆಗೆ ಯಂತ್ರ ಸಿಗುವಾಗ ಯಂತ್ರವೇ ಉದ್ಯಮವನ್ನು ಆರಿಸಿಬಿಡುತ್ತದೆ. ಅದೇ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ದುಡಿಯುವ ಬಂಡವಾಳ ಮತ್ತು ಸಣ್ಣ ಸಲಕರಣೆಗೆಂದು ಬೀಜಧನ ಇಡಲಾಗಿತ್ತು. ನನ್ನ ಮಟ್ಟಿಗೆ ಯೋಜನೆಯ ಹೆಚ್ಚು ವಿವೇಕದ ಭಾಗ ಅದು. ಪೇಪರುಗಳಲ್ಲಿ ಅದರ ಚರ್ಚೆ ನಡೆದದ್ದು ಕಡಿಮೆ.

ಅನುಭವದ ಮಾತನ್ನೂ ಆಡಬೇಕು. ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೊರಟ ಅಯ್ಯಂಗಾರ್ ಬೇಕರಿಗಳು ಇಂದು ಎಷ್ಟೋ ಊರುಗಳಲ್ಲಿವೆ. ನೆಂಟರ ಬೇಕರಿಯಲ್ಲಿ ಒಲೆಯ ಮುಂದೆ ನಿಂತು ದುಡಿದ ಹುಡುಗರು ಮುಂದೆ ತಮ್ಮದೇ ಬೇಕರಿ ಇಟ್ಟರು. ರಾತ್ರಿ ಎಷ್ಟು ಬ್ರೆಡ್ಡು ಉಳಿಯುತ್ತದೆ, ಮೈದಾ ಅಂಗಡಿಯವನು ಎಷ್ಟು ದಿನದ ಉದ್ರಿ ಕೊಡುತ್ತಾನೆ ಎಂಬುದನ್ನು ಅವರು ಇನ್ನೊಬ್ಬರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಲಿತಿದ್ದರು. ಹೊಸ ಉದ್ಯಮವನ್ನೇ ಹುಡುಕಬೇಕೆಂದಿಲ್ಲ. ಇರುವುದನ್ನೇ ಮಾಡಿ, ಆದರೆ ಒಂದು ಹಂಗಾಮಾದರೂ ಬೇರೆಯವರ ಬಳಿ ದುಡಿದು ನೋಡಿ.

ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ನನ್ನದೊಂದು ಬೇಡಿಕೆ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ಕಟ್ಟಿದ ರುಡ್‌ಸೆಟ್ ಮಾದರಿಯೇ ಇಂದು ದೇಶದ ಜಿಲ್ಲೆ ಜಿಲ್ಲೆಗೂ ಹೋಗಿದೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಅದರ ದೊಡ್ಡತನ. ಆ ತರಬೇತಿಯ ಮೊದಲ ದಿನವೇ ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆಸಿ, ಪ್ರತಿ ತಿಂಗಳು ಉದ್ಯಮಕ್ಕೆ ಹೋಗುವುದು, ಬರುವುದು, ಜೊತೆಗೆ ಮನೆಯ ಖರ್ಚು, ಮೂರನ್ನೂ ತುಂಬಿಸಿ. ಬ್ಯಾಂಕಿನ ಗೆಳೆಯರೇ, ಬೆಳೆ ಸಾಲದ ಮರುಪಾವತಿಗೆ ಕೊಯ್ಲಿನವರೆಗೆ ಕಾಯುತ್ತೀರಿ. ಹಂಗಾಮಿನ ಮೇಲೆ ನಿಂತ ಘಟಕಕ್ಕೆ ಪ್ರತಿ ತಿಂಗಳೂ ಒಂದೇ ಕಂತು ಏಕೆ ಎಂಬುದನ್ನು ನಾಳಿನ ಗೋಷ್ಠಿಯಲ್ಲಿ ದಯವಿಟ್ಟು ಚರ್ಚಿಸಿ.

ಅಧ್ಯಾಪಕರಲ್ಲಿ, ಸಂಶೋಧನಾ ವಿದ್ಯಾರ್ಥಿಗಳಲ್ಲಿ ಕೇಳುವುದೊಂದಿದೆ. ಗೆದ್ದವರ ಕಥೆಗಳನ್ನು ಬೇಕಾದಷ್ಟು ಬರೆದಿದ್ದೇವೆ. ಮುಂದಿನ ಬೇಸಿಗೆ ರಜೆಯಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಮುಚ್ಚಿದ ಘಟಕಗಳಿಗೆ ಹೋಗಿ. ಕೊನೆಯ ಸರಕು ಯಾರಿಗೆ ಹೋಯಿತು, ಅದರ ದುಡ್ಡು ಯಾವ ತಿಂಗಳು ಬಂತು, ಅಷ್ಟರವರೆಗೆ ಮನೆ ಹೇಗೆ ನಡೆಯಿತು, ಯಂತ್ರ ಈಗ ಎಲ್ಲಿದೆ ಎಂದು ಕೇಳಿ ಬರೆದುಕೊಳ್ಳಿ. ಅವರ ಹೆಸರು ಬೇಡ, ಲೆಕ್ಕ ಬೇಕು. ಆ ಲೆಕ್ಕಗಳನ್ನು ಒಟ್ಟುಮಾಡಿ ತಾಲ್ಲೂಕಿಗೊಂದು ಪುಸ್ತಿಕೆ ಅಚ್ಚು ಹಾಕಿಸಿ, ಸಾಲದ ಅರ್ಜಿಯ ಜೊತೆಗೇ ಕೊಡುವಂತಾಗಲಿ. ಆ ಕೆಲಸವನ್ನು ಹಂಚಿಕೊಳ್ಳಲು ಇಂದು ಮಧ್ಯಾಹ್ನದ ಗೋಷ್ಠಿಯಲ್ಲೇ ಒಂದು ತಂಡ ರಚಿಸಬೇಕೆಂದು ಕೋರುತ್ತೇನೆ.