ನೀವು ಯಾವ ಟೀಮು?

ಪಂದ್ಯ ನೋಡಲು ಊರೂರು ಅಲೆಯುವ ಅಭಿಮಾನಿಗಳನ್ನೇ ಅಧ್ಯಯನ ಮಾಡುವವರಿದ್ದಾರೆ. ರೈಲಿನಲ್ಲಿ ಈ ಸಂಶೋಧಕರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ನೀವು ಯಾವ ಟೀಮು?’

ಬರಹಗಾರ ಬಿಲ್ ಬುಫರ್ಡ್ ಅಮೆರಿಕದವರು. 1984ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಜೊತೆ ಇಟಲಿಯ ಟುರಿನ್‌ಗೆ ಹೊರಟರು, ಹೊರಗಿನವರಾಗಿ. 1990ರ ವಿಶ್ವಕಪ್ ಹೊತ್ತಿಗೆ ಸಾರ್ಡಿನಿಯಾದಲ್ಲಿ ಪೊಲೀಸರಿಂದ ಏಟು ತಿಂದರು. ಲಾಠಿಗೆ ಬರಹಗಾರ ಯಾರು, ಪುಂಡ ಯಾರು ಎಂಬ ಭೇದ ಎಲ್ಲಿಯದು!

ಮಾನವಶಾಸ್ತ್ರಜ್ಞ ಗ್ಯಾರಿ ಆರ್ಮ್‌ಸ್ಟ್ರಾಂಗ್ ಅವರದು ತದ್ವಿರುದ್ಧ ಕಥೆ. ಹುಟ್ಟಿದ್ದು ಶೆಫೀಲ್ಡ್, ಮೆಚ್ಚಿದ್ದು ಶೆಫೀಲ್ಡ್ ಯುನೈಟೆಡ್, 1998ರಲ್ಲಿ ಪುಸ್ತಕ ಬರೆದದ್ದೂ ಅದೇ ತಂಡದ ಅಭಿಮಾನಿಗಳ ಮೇಲೆ. ಅವರಿಗೆ ಬಾಗಿಲು ತಟ್ಟುವ ಕಷ್ಟವಿರಲಿಲ್ಲ. ಆದರೆ ಒಳಗಿನವನ ಕಷ್ಟವೇ ಬೇರೆ. ಪಕ್ಕದಲ್ಲಿ ಕೂತವನು ಹೇಳಿದ್ದು ಗೆಳೆಯನಿಗೋ, ಟಿಪ್ಪಣಿ ಪುಸ್ತಕಕ್ಕೋ? ಯಾವುದನ್ನು ಬರೆಯಬೇಕು, ಯಾವುದನ್ನು ನುಂಗಿಕೊಳ್ಳಬೇಕು? ಬುಫರ್ಡ್ ತಿಂದ ಏಟಿಗಿಂತ ಇದೇ ಹೆಚ್ಚು ನೋಯುವಂಥದ್ದು ಎಂಬುದು ನನ್ನ ಅನಿಸಿಕೆ.

ಆಟದ ಮಾತಲ್ಲ, ಆದರೂ ಒಳಗಿನವರ ಕಷ್ಟ ಎಂದಾಗ ಇದೂ ನೆನಪಾಗುತ್ತದೆ. 1948ರಲ್ಲಿ ನಮ್ಮ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು. ಆ ಹಳ್ಳಿಗೆ ರಾಂಪುರ ಎಂಬುದು ಅವರೇ ಇಟ್ಟ ಹೆಸರು. ಆಕ್ಸ್‌ಫರ್ಡ್‌ನಿಂದ ಬಂದ ವಿದ್ವಾಂಸರಾದರೇನು, ಊರವರ ಕಣ್ಣಿಗೆ ಮೊದಲು ಬ್ರಾಹ್ಮಣರು. ಸ್ನಾನ ಮುಗಿಸಿ ಕ್ಷೌರ ಮಾಡಿಕೊಂಡರೆ, ಕ್ರಮ ತಪ್ಪಿತೆಂದು ಹಿರಿಯರಿಂದ ಆಕ್ಷೇಪಣೆ!

ಇನ್ನು ಕ್ರೀಡಾಂಗಣದಲ್ಲಿ ತನ್ನದೇ ತಂಡದ ಅಭಿಮಾನಿಗಳ ನಡುವೆ ಕೂತ ಸಂಶೋಧಕ. ಕೊನೆಯ ನಿಮಿಷದಲ್ಲಿ ತನ್ನ ತಂಡ ಗೋಲು ಹೊಡೆದಾಗ ಅವನ ಕೈ ಮೇಲೇಳುತ್ತದೋ, ಪೆನ್ನು ಹುಡುಕುತ್ತದೋ?