ಹಳೆಯ ಪಟದ ಲಾರಿಯೂ ನಮ್ಮವರ ದುಡಿಮೆಯೂ

(ಸಂಘದ ಸಯನ್ ಶಾಖೆಯ ಮಾಸಿಕ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಭಾಷಣಕಾರನೂ ಅಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಬಂದು ಇದೇ ಸಯನ್ನಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದವನು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತೆ. ಆ ಬಳಿಕ ಮೂವತ್ತೆಂಟು ವರ್ಷ ಲಾರಿ ಗ್ಯಾರೇಜಿನಲ್ಲಿ ಪಾನಾ ಹಿಡಿದೆ. ಲಾರಿಯ ಹೊರತು ನನಗೆ ಬೇರೆ ಶಾಸ್ತ್ರ ತಿಳಿಯದು. ಆದುದರಿಂದ ಇಂದು ಲಾರಿಯ ಮಾತನ್ನೇ ಆಡುತ್ತೇನೆ. ಅದು ಕೊನೆಗೆ ನಮ್ಮ ನಿಮ್ಮ ಮನೆಯ ಮಾತೇ ಆಗುವುದೆಂದು ನಂಬಿದ್ದೇನೆ.

ಕಳೆದ ವರ್ಷ ನಮ್ಮ ಸದಸ್ಯರೊಬ್ಬರ ಮಗ ಆಸ್ಟ್ರೇಲಿಯದ ಮೆಲ್ಬರ್ನಿನಿಂದ ಮೊಬೈಲಿನಲ್ಲಿ ಒಂದು ಹಳೆಯ ಫೋಟೋ ಕಳುಹಿಸಿದ. ಎರಡನೆಯ ಮಹಾಯುದ್ಧದ ಕಾಲದ ಆಸ್ಟ್ರೇಲಿಯನ್ ಸೈನ್ಯದ ಲಾರಿ ಅದರಲ್ಲಿತ್ತು. "ಮಾಮಾ, ಇದು ಯಾವ ಲಾರಿ, ಹೇಳುತ್ತೀರಾ?" ಎಂದು ಕೇಳಿದ್ದ. ನೋಡಿದೊಡನೆ ನನ್ನ ಎದೆ ಧಸಕ್ಕೆಂದಿತು. ಯಾಕಂದರೆ ಅದೇ ಮೊಂಡು ಮೂತಿಯ ಲಾರಿ ನನ್ನ ಟ್ರಂಕಿನಲ್ಲಿಯೂ ಇತ್ತು. ಅದರ ಪಕ್ಕದಲ್ಲಿ ನನ್ನ ಅಪ್ಪ ನಿಂತಿದ್ದ.

ನನಗೆ ಒಂಬತ್ತು ವರ್ಷವಾದಾಗ ಅಪ್ಪ ತೀರಿಹೋದ. ಅವನು ಬಿಟ್ಟುಹೋದದ್ದು ಎರಡು ಮುಡಿ ಗದ್ದೆಯ ಗೇಣಿ, ಒಂದು ಟ್ರಂಕು, ಒಂದು ಫೋಟೋ. ಅಪ್ಪ ಬರ್ಮಾದಲ್ಲಿ ಮಿಲಿಟರಿ ಲಾರಿ ಓಡಿಸಿದವನು, 1942ರಲ್ಲಿ ಜಪಾನಿಯರು ರಂಗೂನಿಗೆ ನುಗ್ಗಿದಾಗ ಗುಂಡಿನ ನಡುವೆ ಜನರನ್ನು ಸಾಗಿಸಿದವನು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಣ್ಣನಂತೂ ಊರಿನ ಮದುವೆ ಮುಂಜಿಗಳಲ್ಲಿ ಆ ಫೋಟೋ ತೋರಿಸಿಯೇ ಈ ಕತೆ ಹೇಳುತ್ತಿದ್ದ. ನಾನೂ ನಂಬಿದ್ದೆ. ಲಾರಿ ರಿಪೇರಿಯಲ್ಲಿ ಆಯುಷ್ಯ ಕಳೆದವನಾದರೂ, ಆ ಪಟದಲ್ಲಿ ಅಪ್ಪನ ಮುಖ ನೋಡಿದ್ದೆನೇ ಹೊರತು ಲಾರಿಯ ಮುಖ ನೋಡಿರಲಿಲ್ಲ.

ಲಾರಿಗೂ ಮುಖವುಂಟು ಬಂಧುಗಳೆ. ಗಲ್ಲೆಯ ಮೇಲೆ ಕುಳಿತವರು ಬಾಗಿಲಲ್ಲಿ ಗಿರಾಕಿ ಕಾಣಿಸಿದೊಡನೆ ಇವನು ಮಸಾಲೆದೋಸೆಯವನೋ ಬರಿಯ ಚಹಾದವನೋ ಎಂದು ಗುರುತಿಸುವುದಿಲ್ಲವೆ? ಸಾಂಚೆಯ ಸದ್ದಿನಿಂದಲೇ ಯಾವ ನೂಲು ಹರಿಯಿತೆಂದು ಗಿರಣಿಯವರು ಹೇಳುವುದಿಲ್ಲವೆ? ಇದೂ ಹಾಗೆಯೇ. ಕಣ್ಣಿಗೆ ಅಭ್ಯಾಸ ಬೇಕು, ಅಷ್ಟೆ.

ಆ ಮೊಂಡು ಮೂತಿಯ ಲಾರಿಯ ಹುಟ್ಟೂರು ಆಸ್ಟ್ರೇಲಿಯವೂ ಅಲ್ಲ, ಮುಂಬಯಿಯೂ ಅಲ್ಲ, ಅದು ಕೆನಡಾ. ಅಲ್ಲಿನ ವಿಂಡ್ಸರಿನ ಫೋರ್ಡ್ ಕಾರಖಾನೆಯೂ ಆಶಾವಾದ ಜನರಲ್ ಮೋಟರ್ಸ್ ಕಾರಖಾನೆಯೂ ಬ್ರಿಟಿಷ್ ಸೈನ್ಯದ ಅಳತೆಗೆ ತಕ್ಕಂತೆ ಒಂದೇ ಮಾದರಿಯ ಲಾರಿಗಳನ್ನು ತಯಾರಿಸಿದುವು. ಕೆನಡಾದಲ್ಲಿ ಯುದ್ಧಕಾಲದಲ್ಲಿ ತಯಾರಾದ ಸೈನ್ಯದ ವಾಹನಗಳು ಎಂಟು ಲಕ್ಷಕ್ಕೂ ಮಿಕ್ಕು. ಅವುಗಳಲ್ಲಿ ಸುಮಾರು ಅರ್ಧ ಈ ಮಾದರಿಯವು. ಮೂತಿ ಮೊಂಡಾದುದಕ್ಕೆ ಕಾರಣವಿದೆ. ಲಾರಿಯ ಉದ್ದ ಕಡಿಮೆಯಾದಷ್ಟೂ ಹಡಗಿನಲ್ಲಿ ಹೆಚ್ಚು ಲಾರಿ ತುಂಬಬಹುದು. ಅದಕ್ಕಾಗಿ ಎಂಜಿನನ್ನು ಹಿಂದಕ್ಕೆ ಒತ್ತಿ ಡ್ರೈವರನ ಕಾಲಬಳಿಗೇ ತಂದರು. ಒಳಗೆ ಕುಳಿತವನ ಪಾಡು ನಮ್ಮ ಹೋಟೆಲಿನ ಅಡಿಗೆಕೋಣೆಯಲ್ಲಿ ಬೆಂಕಿಯ ಮುಂದೆ ನಿಂತವನ ಪಾಡೇ ಸರಿ.

ಅನೇಕ ಲಾರಿಗಳನ್ನು ಬಿಡಿಬಿಡಿಯಾಗಿ ಮರದ ಪೆಟ್ಟಿಗೆಗಳಲ್ಲಿ ತುಂಬಿ ದೂರದ ದೇಶಗಳಿಗೆ ಕಳುಹಿಸಿ, ಆಯಾ ದೇಶದಲ್ಲಿಯೇ ಜೋಡಿಸುತ್ತಿದ್ದರು. ಆಸ್ಟ್ರೇಲಿಯದಲ್ಲಿ ಫೋರ್ಡ್ ಕಂಪನಿಯ ಕಾರಖಾನೆ 1925ರಿಂದ ಗೀಲಾಂಗಿನಲ್ಲಿತ್ತು. ನಮ್ಮ ಮುಂಬಯಿಯಲ್ಲಿ ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಶಿವಡಿಯಲ್ಲಿ ಜೋಡಣೆಯ ಕಾರಖಾನೆ ತೆರೆದಿತ್ತು. ಫೋರ್ಡಿನವರೂ ಈ ನಗರದಲ್ಲಿ ಜೋಡಣೆ ನಡೆಸುತ್ತಿದ್ದರು. ಶಿವಡಿ ಎಷ್ಟು ದೂರ? ಇಲ್ಲಿಯ ಜಿಟಿಬಿ ನಗರ ಸ್ಟೇಶನಿನಲ್ಲಿ ಗಾಡಿ ಹತ್ತಿ ವಡಾಳಾ ದಾಟಿದರೆ ಶಿವಡಿಯೇ. ಹೀಗೆ ಆಸ್ಟ್ರೇಲಿಯದ ಸೈನಿಕ ಹತ್ತಿದ ಲಾರಿಯೂ ನಮ್ಮ ಸಿಪಾಯಿ ಹತ್ತಿದ ಲಾರಿಯೂ ಒಡಹುಟ್ಟಿದವು. ಹಿಂಬದಿಯ ಮೈ ಮಾತ್ರ ಅಲ್ಲಿಯದು ಅಲ್ಲಿಯ ಬಡಗಿಯ ಕೆಲಸ, ಇಲ್ಲಿಯದು ಇಲ್ಲಿಯ ಬಡಗಿಯ ಕೆಲಸ.

ಇನ್ನು ಗುರುತಿಸುವ ಬಗೆ. ಮೊದಲು ಎದುರಿನ ಗಾಜು ನೋಡಬೇಕು. ಈ ಲಾರಿಗಳ ಕ್ಯಾಬಿನ್ನುಗಳಿಗೆ ನಂಬರುಗಳಿದ್ದುವು. 11 ಮತ್ತು 12ನೆಯ ನಂಬರಿನವು 1940–41ರವು. ಅವುಗಳ ಗಾಜು ನೆಟ್ಟಗೆ ನಿಂತಿರುತ್ತದೆ. 1941ರ ಕೊನೆಗೆ ಬಂದುದು 13ನೆಯ ನಂಬರು; ಯುದ್ಧ ಮುಗಿಯುವ ತನಕ ಅದೇ ನಡೆಯಿತು. ಅದರ ಗಾಜಿನ ಮೇಲ್ಬದಿ ಮುಂದಕ್ಕೂ ಕೆಳಬದಿ ಹಿಂದಕ್ಕೂ ಇದ್ದು, ಲಾರಿ ತಲೆ ತಗ್ಗಿಸಿ ನೆಲ ನೋಡುತ್ತಿರುವಂತೆ ತೋರುತ್ತದೆ. ಡ್ರೈವರನ ಕಣ್ಣಿಗೆ ಬಿಸಿಲು ಕುಕ್ಕಬಾರದು, ಗಾಜಿನ ಹೊಳಪು ಮೇಲೆ ಹಾರುವ ಶತ್ರುವಿನ ವಿಮಾನಕ್ಕೆ ಕಾಣಿಸಬಾರದು ಎಂದು ಮಾಡಿದ ಉಪಾಯವದು. 43ನೆಯ ನಂಬರೆಂದರೆ ಇದೇ ಕ್ಯಾಬಿನ್ನಿಗೆ ತಗಡಿನ ಬದಲು ಕ್ಯಾನ್ವಾಸಿನ ಮಾಡು.

ಎರಡನೆಯದು ಉದ್ದ. ಹೆಸರುಗಳಲ್ಲಿ ಎಫ್ ಎಂದರೆ ಫೋರ್ಡ್, ಸಿ ಎಂದರೆ ಶೆವ್ರೊಲೆ. ಮುಂದಿನ ಅಂಕೆ ಹೊರುವ ಭಾರ: 15 ಎಂದರೆ ಹದಿನೈದು ಹಂಡ್ರೆಡ್‌ವೆಯ್ಟ್, 60 ಎಂದರೆ ಮೂರು ಟನ್ನು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನ ತನಕ ಚಿಕ್ಕದಕ್ಕೆ 101 ಅಂಗುಲ, ನಡುವಣದಕ್ಕೆ 134, ಉದ್ದದ ಮೂರು ಟನ್ನಿನದಕ್ಕೆ 158. ಫೋಟೋದಲ್ಲಿ ಇದನ್ನು ಅಳೆಯುವುದು ಹೇಗೆ? ಪಕ್ಕದಿಂದ ತೆಗೆದ ಪಟವಾದರೆ, ಲಾರಿಗೆ ಒತ್ತಿ ನಿಂತ ಆಳನ್ನೇ ಗಜಕಡ್ಡಿ ಮಾಡಿಕೊಳ್ಳಿ. ಒಂದು ದಾರದಿಂದ ಅವನ ಎತ್ತರ ಹಿಡಿದು ಗಾಲಿಗಳ ನಡುವೆ ಮಲಗಿಸಿರಿ. ಐದೂವರೆ ಅಡಿಯ ಆಳು ಒಂದೂವರೆ ಸಲ ಹಿಡಿದರೆ ಚಿಕ್ಕದು, ಎರಡು ಸಲ ಹಿಡಿದರೆ ನಡುವಣದು, ಎರಡೂವರೆಗೆ ಸಮೀಪವಾದರೆ ಉದ್ದನೆಯದು.

ಮೂರನೆಯದು ಬಣ್ಣದ ಗುರುತು. ಬ್ರಿಟಿಷ್ ಯುದ್ಧ ಇಲಾಖೆಯ ಕ್ರಮದಲ್ಲಿ ವಾಹನದ ನಂಬರಿನ ಮುಂದೆ ಎಲ್ ಇದ್ದರೆ ಲಾರಿ, ಝಡ್ ಇದ್ದರೆ ಚಿಕ್ಕ ಟ್ರಕ್ಕು, ಎ ಇದ್ದರೆ ಆಂಬುಲೆನ್ಸು. ಅದು ಯಾವ ಪಡೆಯದೆಂಬುದನ್ನು ಇನ್ನೊಂದು ಚಿಹ್ನೆ ಹೇಳುತ್ತದೆ. ಭಾರತದ 17ನೆಯ ಡಿವಿಜನ್ನಿಗೆ ಕರಿಯ ಬೆಕ್ಕು, 4ನೆಯದಕ್ಕೆ ಕೆಂಪು ಹದ್ದು, 7ನೆಯದಕ್ಕೆ ಬಂಗಾರದ ಬಾಣ. ಆಸ್ಟ್ರೇಲಿಯದವರ ಚಿಹ್ನೆಗಳಲ್ಲಿ ಅವರ ನಾಡಿನ ಪ್ರಾಣಿ ಇದ್ದು, ಕೆಳಗೆ ಬಾಗಿದ ಬೂಮರಾಂಗ್ ಇರುವುದುಂಟು. ಕಪ್ಪು ಬಿಳುಪಿನ ಪಟದಲ್ಲಿ ಬಣ್ಣ ಹೋದರೂ ಆಕಾರ ಉಳಿಯುತ್ತದೆ.

ಒಂದು ಸೂತ್ರ ಮಾತ್ರ ಮರೆಯಬೇಡಿ. ಲಾರಿಯ ವಯಸ್ಸಿಗಿಂತ ಪಟದ ವಯಸ್ಸು ಹೆಚ್ಚಾಗಲಾರದು. ಕಡಿಮೆ ಎಷ್ಟೂ ಆಗಬಹುದು. ಯುದ್ಧ ಮುಗಿದ ಮೇಲೆ ಸಾವಿರಾರು ಮಿಲಿಟರಿ ಲಾರಿಗಳು ಲಿಲಾವಿನಲ್ಲಿ ಖಾಸಗಿಯವರ ಕೈಸೇರಿ ಮರದ ದಿಮ್ಮಿಯನ್ನೂ ಜನರನ್ನೂ ಹೊತ್ತುವು. ಅಂಥ ಲಾರಿಯ ಮುಂದೆ 1950ರಲ್ಲಿ ನಿಂತವನು ಸಿಪಾಯಿಯೇ ಆಗಬೇಕೆಂದಿಲ್ಲ. ಟಾಟಾ ಮರ್ಸಿಡಿಸ್ ಲಾರಿ ಕಂಡರೆ ಪಟ 1954ರಿಂದ ಈಚಿನದು. ಜಬಲ್ಪುರದ ಶಕ್ತಿಮಾನ್ ಕಂಡರೆ ಇನ್ನೂ ಈಚಿನದು. ಅದು ಮಹಾಯುದ್ಧವನ್ನು ನೋಡಲೇ ಇಲ್ಲ.

ಇಷ್ಟು ಕಲಿತ ಮೇಲೆ ಒಂದು ರಾತ್ರಿ ಅಪ್ಪನ ಫೋಟೋವನ್ನು ದೀಪದ ಕೆಳಗೆ ಇಟ್ಟು ಭೂತಗನ್ನಡಿ ಹಿಡಿದೆ. ಗಾಜು ಮುಂದಕ್ಕೆ ಬಾಗಿದೆ, ಎಂದರೆ 13ನೆಯ ನಂಬರು. 1941ರ ಕೊನೆಗೆ ಕೆನಡಾದಲ್ಲಿ ಹೊರಟ ಮಾದರಿ ಸಮುದ್ರ ದಾಟಿ, ಜೋಡಣೆಯಾಗಿ, 1942ರ ಮಾರ್ಚ್ 8ರಂದು ರಂಗೂನು ಬೀಳುವುದರೊಳಗೆ ಬರ್ಮಾ ಸೇರುವುದು ನಂಬಲಸಾಧ್ಯ. ಮಡ್‌ಗಾರ್ಡಿನ ಮೇಲೆ ಬೆಕ್ಕೂ ಇಲ್ಲ, ಹದ್ದೂ ಇಲ್ಲ. ನಂಬರೂ ಬರೆದಿಲ್ಲ. ಕ್ಯಾಬಿನ್ನಿನ ಹಿಂದೆ ಮೈಯೇ ಇಲ್ಲ, ಬರಿಯ ಚಾಸಿ. ಗಾಲಿಗೆ ಮಣ್ಣು ತಾಗಿಲ್ಲ. ಹಿಂದೆ ನಾನು ಯಾವಾಗಲೂ ಗೋಡೆಯೆಂದು ತಿಳಿದಿದ್ದುದು ಗೋಡೆಯಲ್ಲ. ಆಳೆತ್ತರ ಪೇರಿಸಿದ ಮರದ ಪೆಟ್ಟಿಗೆಗಳು. ಅಪ್ಪ ತೊಟ್ಟದ್ದು ಯೂನಿಫಾರಮ್ಮೂ ಅಲ್ಲ, ಎಣ್ಣೆಯ ಕಲೆಯ ಅಂಗಿ. ಬಲಗೈಯಲ್ಲಿ ಹಿಡಿದದ್ದು ಬಂದೂಕವಲ್ಲ. ಎಪ್ಪತ್ತು ವರ್ಷ ಕೋಲೆಂದುಕೊಂಡಿದ್ದ ಅದು, ಗಾಲಿ ಬಿಗಿಯುವ ಉದ್ದನೆಯ ಪಾನಾ!

ಅಪ್ಪ ಬರ್ಮಾದಲ್ಲಿರಲಿಲ್ಲ. ಪೆಟ್ಟಿಗೆ ಒಡೆದು ಲಾರಿ ಜೋಡಿಸುವ ಅಂಗಳದಲ್ಲಿ ಕೂಲಿಯಾಗಿದ್ದ.

ಊರಿಗೆ ಹೋದಾಗ ಅಣ್ಣನಿಗೆ ಹೇಳಿದೆ. ಅಣ್ಣನಿಗೆ ಎಂಬತ್ತೊಂದು ವರ್ಷ. ಅವನು ಉಣ್ಣುವ ಬಟ್ಟಲನ್ನು ದೂಡಿ, "ಸಿಪಾಯಿಯಾಗಿದ್ದ ಅಪ್ಪನನ್ನು ಕೂಲಿ ಮಾಡಿದೆಯಲ್ಲೋ! ಇದಕ್ಕಾಗಿ ನೀನು ಓದು ಕಲಿತೆಯಾ?" ಎಂದ. ನಾನು ಆ ಹೊತ್ತಿಗೆ ಏನೂ ಹೇಳಲಿಲ್ಲ. ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ನಾನೇ ಅವನ ಬಳಿ ಕುಳಿತು ಹೇಳಿದೆ: "ಅಣ್ಣಾ, ಆ ಯುದ್ಧದಲ್ಲಿ ನಮ್ಮ ದೇಶದ ಇಪ್ಪತ್ತೈದು ಲಕ್ಷ ಜನ ಸೈನ್ಯ ಸೇರಿದರು. ಅವರಿಗೆ ಅನ್ನ, ಗುಂಡು, ಔಷಧ ಮುಟ್ಟಿಸಿದ್ದು ಲಾರಿ. ಆ ಲಾರಿಯ ಗಾಲಿಯ ಬೋಲ್ಟು ಸಡಿಲವಾಗಿದ್ದರೆ ಮಣಿಪುರದ ಘಾಟಿಯಲ್ಲಿ ಅದು ಕಮರಿಗೆ ಬೀಳುತ್ತಿತ್ತು. ಅಪ್ಪ ಬಿಗಿದ ಬೋಲ್ಟು ಬಿಗಿಯಾಗಿಯೇ ಇತ್ತೆಂದು ನಾನು ನಂಬುತ್ತೇನೆ. ನಾನು ಮೂವತ್ತೆಂಟು ವರ್ಷ ಮಾಡಿದ್ದೂ ಅದನ್ನೇ. ಅಪ್ಪನ ಕೈಯ ಪಾನಾ ನನ್ನ ಕೈಗೆ ಬಂದಿತ್ತೆಂದು ಈಗ ಗೊತ್ತಾಯಿತು." ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಕನ್ನಡಿ ಇತ್ತ ಕೊಡು" ಎಂದ.

ಬಂಧುಗಳೆ, ಮೆಲ್ಬರ್ನಿನ ಹುಡುಗ ಕಳುಹಿಸಿದ ಪಟಕ್ಕೆ ಹಿಂತಿರುಗುತ್ತೇನೆ. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ 1941ರಲ್ಲಿ ತೆರೆದ ಯುದ್ಧ ಸ್ಮಾರಕವೊಂದಿದೆ. ಅಲ್ಲಿ ಕಾಪಿಟ್ಟ ಯುದ್ಧಕಾಲದ ಎಷ್ಟೋ ಫೋಟೋಗಳ ಅಡಿಯಲ್ಲಿ ಊರು, ತಾರೀಖು, ಪಡೆ, ಎಡದಿಂದ ಬಲಕ್ಕೆ ನಿಂತವರ ಹೆಸರು, ಸೈನಿಕನ ನಂಬರು ಬರೆದಿದೆ. ಇಂದು ಯಾರು ಬೇಕಾದರೂ ಮನೆಯಲ್ಲಿಯೇ ಕುಳಿತು ನೋಡಬಹುದು. ನಮ್ಮಲ್ಲಿಯೂ ಯುದ್ಧದಲ್ಲಿ ಮಡಿದವರ ಹೆಸರು ಸ್ಮಾರಕಗಳಲ್ಲಿ ಉಂಟು. ರಂಗೂನಿನ ಸ್ಮಾರಕವೊಂದರಲ್ಲಿಯೇ ಸುಮಾರು 27,000 ಹೆಸರು ಕೆತ್ತಿದೆ. ಆದರೆ ಪೆಟ್ಟಿಗೆ ಒಡೆದವನ ಹೆಸರು ಯಾವ ಕಲ್ಲಿನ ಮೇಲೆ ಇದೆ? ಹಡಗಿನಿಂದ ಇಳಿಸಿದ ಹಮಾಲನದು, ಡೇರೆಯ ಬಟ್ಟೆ ನೇಯ್ದವನದು, ದುಡಿದುಬಂದವನಿಗೆ ಚಹಾ ಕಾಸಿದವನದು? ಆ ಹೆಸರುಗಳನ್ನು ಬರೆಯಬೇಕಾದವರು ನಾವೇ.

ಬರೆಯದಿದ್ದರೆ ಏನಾಗುವುದೆಂದು ಗಿರಣಿಯ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. 1982ರ ಜನವರಿ 18ರ ಮುಷ್ಕರದ ಬಳಿಕ ಒಂದೊಂದಾಗಿ ಗಿರಣಿ ಮುಚ್ಚಿದುವು. ಮುಂದೆ ಗಿರಣಿ ಕಾಮಗಾರರಿಗೆ ಮನೆ ಕೊಡುವ ಯೋಜನೆ ಬಂದಾಗ, 1982ರ ಜನವರಿ 1ರಂದು ಅಥವಾ ಆಮೇಲೆ ನೀನು ಕೆಲಸದಲ್ಲಿದ್ದೆ ಎಂಬುದಕ್ಕೆ ಕಾಗದ ತೋರಿಸು ಎಂದರು. ಹತ್ತಿ ಧೂಳು ಕುಡಿದ ಎದೆ ಸಾಕ್ಷಿಯಾಗಲಿಲ್ಲ, ಕಾಗದವೇ ಬೇಕಾಯಿತು. ಒಂದು ಹಾಜರಿ ಪಾಸು, ಒಂದು ಪಗಾರದ ಚೀಟಿ ಜೋಪಾನವಾಗಿಟ್ಟವನು ಗೆದ್ದ. ಹಳೆಯ ಪೇಪರೆಂದು ರದ್ದಿಗೆ ಹಾಕಿದವನು ಅಲೆದ.

ಆದುದರಿಂದ ನನ್ನ ವಿನಂತಿ ಇಷ್ಟೆ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಳೆಯ ಫೋಟೋಗಳನ್ನು ಹೊರಗೆ ತೆಗೆಯಿರಿ. ಹಿರಿಯರು ಇರುವಾಗಲೇ ಕೇಳಿರಿ: ಇವರಾರು, ಯಾವ ಊರು, ಯಾವ ಕೆಲಸ, ಯಾವ ವರ್ಷ? ಮೆತ್ತನೆಯ ಪೆನ್ಸಿಲಿನಿಂದ ಪಟದ ಹಿಂಬದಿಯಲ್ಲಿ ಬರೆಯಿರಿ. ಇಂಕು ಮುಂದಕ್ಕೆ ಇಳಿದೀತು. ಹೇಳಿದವರು ಯಾರೆಂಬುದನ್ನೂ ಬರೆಯಿರಿ. ಮೊಬೈಲಿನಲ್ಲಿ ಎರಡೂ ಬದಿಯ ಚಿತ್ರ ತೆಗೆದಿಡಿ. ಪಟದಲ್ಲಿ ಲಾರಿ ಇದ್ದರೆ ನನ್ನ ಬಳಿಗೆ ತನ್ನಿರಿ. ಪ್ರತಿ ಭಾನುವಾರ ಸಂಜೆ ಇಲ್ಲಿಯೇ ಕುಳಿತಿರುತ್ತೇನೆ. ಕೇಳಿ ಬಂದ ಕತೆ ಸುಳ್ಳಾದರೆ ಹೆದರಬೇಡಿ. ನಿಜ ಸಣ್ಣದಾಗಿ ಕಂಡರೂ ಅದು ನಮ್ಮದು.

ನನ್ನ ಅಪ್ಪನ ಪಟದ ಹಿಂದೆ ಈಗ ಒಂದು ಸಾಲು ಇದೆ. ಅವನ ಹೆಸರು, ನಮ್ಮ ಊರು, "ಮಹಾಯುದ್ಧದ ಕಾಲದಲ್ಲಿ ಸೈನ್ಯದ ಲಾರಿ ಜೋಡಿಸಿದ ಕೆಲಸಗಾರ." ಬರೆದದ್ದು ನಾನಲ್ಲ, ಅಣ್ಣ, ತನ್ನ ನಡುಗುವ ಕೈಯಿಂದ.