ಭದ್ರಾ ಕಣಿವೆಯಲ್ಲಿ ಹಕ್ಕಿಗಳ ಸುಗ್ಗಿ

ಭದ್ರಾ ನದಿ ಹುಟ್ಟುವುದು ಗಂಗಾಮೂಲದಲ್ಲಿ, ಅಪ್ಪಟ ಮಲೆನಾಡಿನಲ್ಲಿ. ಭದ್ರಾವತಿಯನ್ನು ದಾಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಹೊತ್ತಿಗೆ ಅದರ ದಂಡೆಗಳ ಮೇಲೆ ಬಯಲುಸೀಮೆಯ ಗಾಳಿ ಬೀಸುತ್ತಿರುತ್ತದೆ. ಈ ಎರಡರ ನಡುವೆ ಬಾಬಾಬುಡನ್‌ಗಿರಿ ಸಾಲು ಸುತ್ತುವರಿದ ಜಾಗರ ಕಣಿವೆ, ಲಕ್ಕವಳ್ಳಿಯ ಜಲಾಶಯ, ಅದರ ಕೆಳಗೆ ನಾಲೆ ನೀರಿನ ಗದ್ದೆ ತೋಟಗಳು, ಅಂಚಿಗೆ ಕುರುಚಲು ಕಾಡು ಇವೆ. ದೊಡ್ಡ ದೂರವೇನಲ್ಲ. ಆದರೂ ಅಷ್ಟರಲ್ಲೇ ಹಕ್ಕಿಗಳ ಬಳಗ ಮತ್ತೆ ಮತ್ತೆ ಬದಲಾಗುತ್ತದೆ.

ಹಕ್ಕಿ ನೋಡಲು ಹೊರಟವರು ಸಾಮಾನ್ಯವಾಗಿ ಹಸಿರನ್ನು ಹುಡುಕಿಕೊಂಡು ಹೋಗುತ್ತಾರೆ. ಈ ಕಣಿವೆಯ ಲೆಕ್ಕ ಬೇರೆ. ಡಿಸೆಂಬರ್ ಕಳೆದು ಎಲೆ ಉದುರಿ, ಹಳ್ಳ ಬತ್ತಿ, ಹಿನ್ನೀರು ಇಳಿಯತೊಡಗಿದ ಮೇಲೆಯೇ ಇಲ್ಲಿ ಹಕ್ಕಿಗಳ ಸುಗ್ಗಿ.

ತರೀಕೆರೆ, ಚನ್ನಗಿರಿ ಕಡೆಯ ಒಣನೆಲದಲ್ಲಿ ಗೌಜಲಹಕ್ಕಿ ಪೊದೆಯೊಳಗಿಂದ ಕೂಗುತ್ತದೆ. ಕಳ್ಳಿಪೀರ ತಂತಿಯ ಮೇಲಿಂದ ಹಾರಿ ಹುಳು ಹಿಡಿದು ಮತ್ತೆ ಅಲ್ಲಿಗೇ ಬಂದು ಕೂರುತ್ತದೆ; ಬೇಸಿಗೆ ಬಂತೆಂದರೆ ಮಣ್ಣಿನ ದರೆಯಲ್ಲಿ ಬಿಲ ಕೊರೆದು ಗೂಡು ಮಾಡುತ್ತದೆ. ಟಿಟ್ಟಿಭ ಮೊಟ್ಟೆಯಿಡುವುದು ಬಯಲಿನ ಬೆಣಚುಕಲ್ಲುಗಳ ನಡುವೆ. ನಾಲೆಯ ಆಚೆ ಗದ್ದೆಗಳಲ್ಲಿ ಉಳುವ ಟಿಲ್ಲರಿನ ಹಿಂದೆ ಬೆಳ್ಳಕ್ಕಿಗಳ ಸಾಲು. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಬಂದ ಸಿಪಿಲೆಗಳೂ ಬದುವಿನ ಮೇಲೆ ಬಾಲ ಕುಣಿಸುತ್ತಿರುತ್ತವೆ.

ಜಾಗರ ಕಣಿವೆಯದು ಬಹುಪಾಲು ಎಲೆ ಉದುರಿಸುವ ಕಾಡು: ತೇಗ, ಮತ್ತಿ, ಹೊನ್ನೆ, ಬಿದಿರು. 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲೇ ರಕ್ಷಣೆ ಪಡೆದ ಈ ಕಾಡು 1974ರಲ್ಲಿ ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಹಾಕಿದ್ದು ಸುತ್ತಲ ಕಾಡುಗಳ ಮರದಿಂದ ತೆಗೆದ ಇದ್ದಿಲು; ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಅಷ್ಟೆಲ್ಲ ಆದ ಮೇಲೂ ಮಂಗಟ್ಟೆ ಪೊಟರೆ ಹುಡುಕಿಕೊಳ್ಳುವಂಥ ದಪ್ಪ ಮರಗಳು ಉಳಿದಿರುವುದು ಸಣ್ಣ ಸಂಗತಿಯಲ್ಲ. ಹೆಣ್ಣು ಮಂಗಟ್ಟೆ ಆ ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂರುವುದೂ, ಗಂಡು ಹಣ್ಣು ತಂದು ಸೀಳಿನಿಂದ ಉಣಿಸುವುದೂ ಇದೇ ಒಣ ತಿಂಗಳುಗಳಲ್ಲಿ. ಎಲೆ ಬಿದ್ದ ಕೊಂಬೆಗಳಲ್ಲಿ ಮರಕುಟಿಗ ಮರೆಯಾಗಲಾರದು. ಮುತ್ತುಗ, ಬೂರುಗ ಹೂ ಬಿಟ್ಟರೆ ಮಕರಂದಕ್ಕೆ ಸೂರಕ್ಕಿ, ಗೊರವಂಕ, ಕಾಜಾಣ, ಪಿಕಳಾರಗಳೆಲ್ಲ ಒಂದೇ ಮರಕ್ಕೆ ಬರುತ್ತವೆ. ಅಂಥ ಮರದ ಕೆಳಗೆ ಅರ್ಧ ಗಂಟೆ ಸುಮ್ಮನೆ ನಿಂತವರಿಗೆ ಕಾಡೆಲ್ಲ ಅಲೆದವರಿಗಿಂತ ಹೆಚ್ಚು ಹಕ್ಕಿ ಕಾಣುತ್ತವೆ.

ಕಣಿವೆಯ ನೆತ್ತಿಯಲ್ಲಿ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರಕ್ಕೆ ನಿಂತಿದೆ. ಅಲ್ಲಿ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲಾ ಕಾಡು. ತೊರೆಗಳ ಬದಿಯಲ್ಲಿ, ದಾರಿಹೋಕ ಹುಡುಗ ಸಿಳ್ಳೆ ಹಾಕಿದಂತೆ ಹಾಡುವ ಸರಳೆ ಸಿಳ್ಳಾರ.

ಎಲ್ಲಕ್ಕಿಂತ ಅಪರೂಪದ ನೋಟ ಇರುವುದು ನೀರಿನಲ್ಲಿ. ಅಲ್ಲಿ ತುಂಗೆಯದೂ ಭದ್ರೆಯದೂ ಪಂಚಾಂಗಗಳು ತಿರುವುಮುರುವು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದ ತುಂಬು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಭದ್ರಾ ಹಿನ್ನೀರಿನಲ್ಲಿ ನದಿ ರೀವಗಳು, ಅಂದರೆ ರಿವರ್ ಟರ್ನ್‌ಗಳು, ನೀರು ಇಳಿಯಲೆಂದೇ ಕಾಯುತ್ತವೆ. ಮುಳುಗಿದ್ದ ಗುಡ್ಡಗಳ ತಲೆ ಬೋಳು ದ್ವೀಪಗಳಾಗಿ ಮೇಲೆದ್ದಾಗ ಅವು ದೊಡ್ಡ ಹಿಂಡಾಗಿ ಬಂದಿಳಿಯುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲದ ಈ ಹಕ್ಕಿ ಹುಲ್ಲುಕಡ್ಡಿಯನ್ನೂ ಜೋಡಿಸದೆ, ಬರೀ ನೆಲದ ತಗ್ಗಿನಲ್ಲಿ ಎರಡು ಮೂರು ಮೊಟ್ಟೆ ಇಡುತ್ತದೆ. ಕಾಲ ಬೇರೆಯಾದರೂ ಎರಡು ಕಡೆಯೂ ಗೂಡಿಗೆ ಕೋಟೆ ಸುತ್ತಲ ನೀರೇ.

ಬೇರೆ ಕಡೆ ಮರಳು ತೆಗೆಯುವುದರಿಂದ, ಅಣೆಕಟ್ಟುಗಳಿಂದ ನದಿ ರೀವಗಳ ಮರಳದಿಣ್ಣೆಗಳು ಇಲ್ಲವಾಗುತ್ತಿವೆ. ಇಲ್ಲಿ ಅಣೆಕಟ್ಟೇ ಅವಕ್ಕೆ ದ್ವೀಪ ಕೊಟ್ಟಿರುವುದು ವಿಚಿತ್ರ. ಆದರೆ ಆ ದ್ವೀಪಕ್ಕೆ ನೆರಳಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ತಾಯಿಹಕ್ಕಿ ಮೊಟ್ಟೆಗಳಿಗೆ ತಾನೇ ನೆರಳಾಗಿ ಕೂರುತ್ತದೆ. ಹೊಟ್ಟೆಯ ಪುಕ್ಕವನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ತಂಪು ಕೊಡುತ್ತದೆ. ಮುಂಗಾರಿನ ಹೊಸ ನೀರು ಏರುವುದರೊಳಗೆ ಮರಿಗಳಿಗೆ ರೆಕ್ಕೆ ಬಲಿಯಬೇಕು. ದೋಣಿ ತೀರಾ ಹತ್ತಿರ ಹೋದರೆ ಹಿಂಡು ಎದ್ದು ಹಾರುತ್ತದೆ. ಆಗ ಮೊಟ್ಟೆಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಬೀಳುತ್ತವೆ. ಆದ್ದರಿಂದ ಈ ಬೇಸಿಗೆಯಲ್ಲಿ ಲಕ್ಕವಳ್ಳಿಯ ಹಿನ್ನೀರಿಗೆ ಹೋಗುವವರು ದುರ್ಬೀನು ಒಯ್ಯಿರಿ, ದ್ವೀಪಗಳಿಂದ ದೂರವೇ ನಿಲ್ಲುವಂತೆ ದೋಣಿಯವರಿಗೆ ಹೇಳಿ, ಗೂಡಿರುವ ನೆಲದ ಮೇಲೆ ಕಾಲಿಡಬೇಡಿ.